ಬೀಜಿಂಗ್‌ನಿಂದ ಅಪ್ಪಯ್ಯನಿಗೆ

ಪ್ರೀತಿಯ ಅಪ್ಪಯ್ಯ, ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಹೊರಗೆ ಚಳಿ ಜಾಸ್ತಿ, ಆದರೆ ಮನೆಯೊಳಗೆ ಬೆಚ್ಚಗಿರುತ್ತದೆ. ಅಮ್ಮ ಚಿಂತೆ ಮಾಡುವುದು ಬೇಡ.

ಅಪ್ಪಯ್ಯ, ಮೊನ್ನೆ ಫೋನಿನಲ್ಲಿ ಕೇಳಿದಿರಲ್ಲ, ಕಲ್ಲಿಕೋಟೆಗೆ ಹಡಗು ಕಳಿಸಿದ ಚೀನಾದ ದೊರೆಯೂ ಇಲ್ಲಿನ ‘ನಿಷೇಧಿತ ನಗರ’ ಎಂಬ ಈ ದೊಡ್ಡ ಅರಮನೆ ಕಟ್ಟಿಸಿದವನೂ ಒಬ್ಬನೇನಾ ಅಂತ. ಹೌದು, ಒಬ್ಬನೇ. ಹೆಸರು ಝು ದಿ. ಪಟ್ಟಕ್ಕೆ ಬಂದ ಮೇಲೆ ಯೋಂಗ್ಲೆ ಚಕ್ರವರ್ತಿ. ಫೋನಿನಲ್ಲಿ ಹೇಳಿ ಮುಗಿಯುವ ಕಥೆ ಅಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಸಿಂಹಾಸನ ಅವನಿಗೆ ನೆಟ್ಟಗೆ ಬಂದದ್ದಲ್ಲ. ಅವನ ಅಪ್ಪ ಪಟ್ಟ ಬಿಟ್ಟುಹೋದದ್ದು ಮೊಮ್ಮಗನಿಗೆ. ಇವನು ಅಣ್ಣನ ಮಗನ ಮೇಲೆಯೇ ದಂಡೆತ್ತಿ ಹೋಗಿ, 1402ರಲ್ಲಿ ರಾಜಧಾನಿ ನಾನ್‌ಜಿಂಗ್ ಹಿಡಿದ. ಅಲ್ಲಿನ ಅರಮನೆಗೆ ಬೆಂಕಿ ಬಿತ್ತು. ಆ ಹುಡುಗ ಸುಟ್ಟುಹೋದನೋ ತಪ್ಪಿಸಿಕೊಂಡನೋ ಇವತ್ತಿಗೂ ತೀರ್ಮಾನವಾಗಿಲ್ಲ. ಫಾಂಗ್ ಶಿಯಾವ್‌ರು ಎಂಬ ದೊಡ್ಡ ವಿದ್ವಾಂಸನಿಗೆ, ನನ್ನ ಪಟ್ಟದ ಘೋಷಣೆ ಬರೆದುಕೊಡು ಎಂದ. ಆತ ಒಪ್ಪಲಿಲ್ಲ. ಆತನನ್ನೂ ಬಂಧುಬಳಗವನ್ನೂ ಶಿಷ್ಯರನ್ನೂ ಕೊಲ್ಲಿಸಿದ. ಇಷ್ಟು ರಕ್ತ ಹರಿಸಿ ಪಡೆದ ಅಧಿಕಾರ ದೇವರು ಕೊಟ್ಟದ್ದು ಅಂತ ಊರಿಗೆಲ್ಲ ತೋರಿಸಬೇಕಿತ್ತಲ್ವಾ? ಅರಮನೆ, ಹಡಗು ಎರಡೂ ಆ ಅಳುಕಿನಿಂದ ಹುಟ್ಟಿದವು ಅಂತ ನನಗೆ ಬಲವಾಗಿ ಅನಿಸುತ್ತದೆ.

ಅರಮನೆಗೆ ಅಪ್ಪಣೆಯಾದದ್ದು 1406ರಲ್ಲಿ, ಮುಗಿದದ್ದು 1420ರಲ್ಲಿ. ಕಂಬಗಳಿಗೆ ನಾನ್‌ಮು ಎಂಬ ಮರ ಬೇಕಿತ್ತು. ಅದು ಸಿಚುವಾನ್ ಕಡೆಯ ದಟ್ಟ ಕಾಡಿನಲ್ಲಿ ಸಿಗುತ್ತಿತ್ತು. ಕಡಿದ ಮರವನ್ನು ಹಳ್ಳಕ್ಕೆ ಉರುಳಿಸಿ, ಮಳೆ ಬಂದು ನೀರು ಏರುವವರೆಗೆ ಕಾಯಬೇಕು. ಆಮೇಲೆ ಯಾಂಗ್ಜಿ ನದಿ, ಅಲ್ಲಿಂದ ದೊಡ್ಡ ಕಾಲುವೆ. ಒಂದೊಂದು ಮರ ಬೀಜಿಂಗ್ ಮುಟ್ಟಲು ವರ್ಷಗಟ್ಟಲೆ ಹಿಡಿಯುತ್ತಿತ್ತು. ಕಾಡಿಗೆ ಸಾವಿರ ಜನ ಹೋದರೆ ಹೊರಗೆ ಬರುವವರು ಐನೂರು ಅಂತ ಆ ಕಡೆ ಒಂದು ಮಾತೇ ಇದೆ. ಅರಮನೆ ನೋಡಲು ಬಂದವರು ಚಿನ್ನದ ಬಣ್ಣದ ಹೆಂಚು ನೋಡಿ ಹೋಗುತ್ತಾರೆ. ನನಗೆ ಆ ಐನೂರು ಜನರದ್ದೇ ಯೋಚನೆ.

ಆ ಮರ ನೋಡಲೇಬೇಕು ಅಂತ ಊರಾಚೆ ಇರುವ ಯೋಂಗ್ಲೆಯ ಸಮಾಧಿ ಚಾಂಗ್‌ಲಿಂಗ್‌ಗೆ ಹೋಗಿದ್ದೆ. ಅಲ್ಲಿನ ದೊಡ್ಡ ಮಂಟಪದ ಕಂಬಗಳಿಗೆ ಬಣ್ಣ ಬಳಿದಿಲ್ಲ. ಮರದ ಗೆರೆ, ಸೀಳು ಎಲ್ಲ ಕಾಣುತ್ತದೆ. ನಡುವಿನ ಕಂಬಗಳು ಒಂದು ಮೀಟರಿಗಿಂತ ದಪ್ಪ, ಜೋಡಿಸಿದ್ದಲ್ಲ, ಇಡೀ ಕಂಬ ಒಂದೇ ಮರ. ನೀವಿದ್ದಿದ್ದರೆ ಅಲ್ಲಿಂದ ಕದಲುತ್ತಲೇ ಇರಲಿಲ್ಲ.

ಅರಮನೆಯ ದೊಡ್ಡ ಸಭಾಮಂಟಪಗಳ ಹಿಂದೆ ಒಂದು ಕಲ್ಲಿದೆ. ಮೈತುಂಬ ಮೋಡ, ಡ್ರ್ಯಾಗನ್ ಕೆತ್ತಿದ್ದಾರೆ. 16 ಮೀಟರಿಗೂ ಉದ್ದ, 200 ಟನ್‌ಗೂ ಭಾರ. ಇಂಥ ಕಲ್ಲುಗಳನ್ನು ಚಳಿಗಾಲದಲ್ಲಿ ಸಾಗಿಸುತ್ತಿದ್ದರು. ದಾರಿಯುದ್ದಕ್ಕೂ ಬಾವಿ ತೋಡಿ, ನೀರು ಸುರಿದು, ಅದು ಹೆಪ್ಪುಗಟ್ಟಿದ ಮೇಲೆ ಮಂಜಿನ ಮೇಲೆಯೇ ಎಳೆಯುವುದು. 1557ರ ಒಂದು ದಾಖಲೆಯಂತೆ 120 ಟನ್‌ಗಿಂತ ಭಾರದ ಕಲ್ಲು ಸುಮಾರು 70 ಕಿಲೋಮೀಟರ್ ಬರಲು 28 ದಿನ ಹಿಡಿಯಿತು.

ಇನ್ನು ಹಡಗಿನ ವಿಷಯ. ಹಡಗುಪಡೆಯ ನಾಯಕ ಝೆಂಗ್ ಹೆ. ಯುನ್ನಾನ್‌ನ ಮುಸ್ಲಿಂ ಮನೆಯ ಹುಡುಗ. ಸುಮಾರು ಹತ್ತು ವರ್ಷದವನಿದ್ದಾಗ ಸೈನ್ಯ ಹಿಡಿದುಕೊಂಡು ಹೋಗಿ, ಖೋಜಾ ಮಾಡಿ, ಝು ದಿಯ ಚಾಕರಿಗೆ ಹಾಕಿತು. ಅದೇ ಹುಡುಗ 1405ರಲ್ಲಿ 27,000ಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಕಲ್ಲಿಕೋಟೆಗೆ ಹೊರಟ. 1433ರವರೆಗೆ ಒಟ್ಟು ಏಳು ಯಾನ, ಆಫ್ರಿಕಾದ ಪೂರ್ವ ಕರಾವಳಿಯವರೆಗೂ. ಎಲ್ಲವೂ ಸ್ನೇಹದ ಯಾನ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಡಗಿನ ತುಂಬ ಸೈನಿಕರಿದ್ದರು, ಸಿಂಹಳದ ಒಬ್ಬ ದೊರೆಯನ್ನು ಸೆರೆಹಿಡಿದು ನಾನ್‌ಜಿಂಗ್‌ಗೆ ತಂದಿದ್ದರು.

ಆದರೆ ಅವರ ಜೊತೆ ಹೋಗಿದ್ದ ದುಭಾಷಿ ಮಾ ಹುವಾನ್ ಕಲ್ಲಿಕೋಟೆಯ ಬಗ್ಗೆ ಬರೆದದ್ದು ನಿಮಗೆ ಖುಷಿ ಕೊಡುತ್ತದೆ. ಅಲ್ಲಿಯವರು ಕೈಬೆರಳು ಕಾಲ್ಬೆರಳಲ್ಲೇ ಲೆಕ್ಕ ಹಾಕುತ್ತಿದ್ದರಂತೆ, ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲವಂತೆ. ಎಲ್ಲರೂ ಕೈ ಹಿಡಿದು ಒಮ್ಮೆ ದರ ಗೊತ್ತುಮಾಡಿದರೆ ಮುಗಿಯಿತು. ನಾಳೆ ಬೆಲೆ ಏರಲಿ ಇಳಿಯಲಿ, ಮಾತು ಮಾತೇ.

ಈ ಅರಮನೆಯೇ ಆ ಹಡಗುಗಳನ್ನು ನಿಲ್ಲಿಸಿತು, ಅಪ್ಪಯ್ಯ. 1421ರ ಚೀನೀ ಹೊಸವರ್ಷಕ್ಕೆ ಅರಮನೆಯ ಪ್ರವೇಶ ಆಯಿತು. ಮೇ ತಿಂಗಳಲ್ಲಿ ಸಿಡಿಲು ಬಡಿದು ಮೂರೂ ದೊಡ್ಡ ಸಭಾಮಂಟಪಗಳು ಸುಟ್ಟುಹೋದವು. ಆಕಾಶ ಮುನಿದಿದೆ ಅಂತ ಚಕ್ರವರ್ತಿಯೇ ಹೆದರಿ, ನನ್ನ ತಪ್ಪು ಹೇಳಿ ಎಂದ. ಅಧಿಕಾರಿಗಳು ಹೇಳಿದರು. ರಾಜಧಾನಿಯನ್ನು ನಾನ್‌ಜಿಂಗ್‌ನಿಂದ ಬೀಜಿಂಗ್‌ಗೆ ಬದಲಿಸಿದ್ದು ತಪ್ಪು ಎಂದ ಶಿಯಾವ್ ಯಿ ಎಂಬಾತನ ಪ್ರಾಣವೇ ಹೋಯಿತು. ಆದರೂ ಅದೇ ತಿಂಗಳು ಸಮುದ್ರಯಾನಕ್ಕೆ ತಡೆ ಬಿತ್ತು. 1424ರಲ್ಲಿ ಚಕ್ರವರ್ತಿ ಸತ್ತಾಗಲೂ ಆ ಮಂಟಪಗಳು ಎದ್ದಿರಲಿಲ್ಲ. ಪಟ್ಟಕ್ಕೆ ಬಂದ ಮಗ ಹಡಗುಗಳನ್ನು ನಿಲ್ಲಿಸಿಯೇ ಬಿಟ್ಟ. ಮೊಮ್ಮಗನ ಕಾಲದಲ್ಲಿ ಒಂದೇ ಒಂದು ಯಾನ ಹೊರಟಿತು, ಅದೇ ಕೊನೆ.

ಈಗ ನಿಮ್ಮಿಂದ ಒಂದು ಉತ್ತರ ಬೇಕು. ಅತಿ ದೊಡ್ಡ ಹಡಗು 44 ಝಾಂಗ್, ಅಂದರೆ 120 ಮೀಟರಿಗೂ ಉದ್ದ ಇತ್ತು ಅಂತ ಹಳೆಯ ಪುಸ್ತಕಗಳು ಹೇಳುತ್ತವೆ. ಮರದಲ್ಲಿ ಅಷ್ಟುದ್ದ ಕಟ್ಟಿದರೆ ಸಮುದ್ರದಲ್ಲಿ ನಡು ಮುರಿಯುತ್ತದೆ ಅಂತ ಹಲವು ತಜ್ಞರ ವಾದ. 1957ರಲ್ಲಿ ನಾನ್‌ಜಿಂಗ್‌ನ ಹಳೆಯ ಹಡಗುಕಟ್ಟೆಯ ಜಾಗದಲ್ಲಿ 11 ಮೀಟರ್ ಉದ್ದದ ಚುಕ್ಕಾಣಿ ಕಂಬ ಸಿಕ್ಕಿತ್ತು. ನೀವು ಕಲ್ಲಿಕೋಟೆ ಹತ್ತಿರದ ಬೇಪೂರಿನಲ್ಲಿ ಉರು ಎಂಬ ಮರದ ಹಡಗು ಕಟ್ಟುವ ಕೆಲಸಕ್ಕೆ ಹೋದವರು. ಅಂಥ ಚುಕ್ಕಾಣಿಗೆ ಎಷ್ಟುದ್ದದ ಹಡಗು ಸರಿಹೊಂದುತ್ತದೆ? ನಿಧಾನ ಲೆಕ್ಕ ಹಾಕಿ, ತಮ್ಮನ ಕೈಲಿ ಬರೆಸಿ ಕಳಿಸಿ.

ನಿಮ್ಮ ಮಗಳು