ಸತುವಿನ ಹೊಗೆ ಕುಡಿದ ಮಗನಿಗೆ

ಚಿ. ಮಗನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಗೇಟಿನ ನಕ್ಷೆ ನೋಡಿದೆ. ಬಳ್ಳಿ ನಡುವಿನ ಸರಳಿನಿಂದ ಕವಲೊಡೆದು ಎರಡೂ ಬಾಗಿಲಿಗೆ ಹರಿಯುವ ಹಾಗೆ ಬರೆದಿದ್ದೀಯ, ಕಣ್ಣು ತುಂಬಿತು. ಆದರೆ ಎರಡನೇ ಪುಟದಲ್ಲಿ, ಬಣ್ಣದ ಪ್ರಶ್ನೆಗೂ ಕೀಲಿನ ಪ್ರಶ್ನೆಗೂ ನಡುವೆ, ಒಂದು ಸಾಲು ಹಾಕಿದ್ದೀಯಲ್ಲ: ಜಿ.ಐ. ಸರಳು, ಅಂದರೆ ಸತುವಿನ ಲೇಪದ ಕಬ್ಬಿಣದ ಸರಳು, ಕಾಯಿಸಿ ಸುರುಳಿ ಸುತ್ತಿದ ದಿನ ರಾತ್ರಿ ಚಳಿ ಜ್ವರ ಬಂತು, ಬಾಯೆಲ್ಲ ಒಂಥರಾ ಸಿಹಿ, ಮಾರನೇ ದಿನ ಸರಿಹೋಯಿತು ಅಂತ. ಅದನ್ನು ಓದಿದ ಮೇಲೆ ಮುಂದಿನದು ನನ್ನ ತಲೆಗೆ ಹತ್ತಲೇ ಇಲ್ಲ.

ಅದು ಮಾಮೂಲಿ ಜ್ವರ ಅಲ್ಲ ಮಗಾ. ಸತುವಿನ ಹೊಗೆಯದು. ಸತು 420 ಡಿಗ್ರಿಗೇ ಕರಗುತ್ತದೆ, 907ಕ್ಕೆ ಕುದಿದು ಆವಿಯಾಗುತ್ತದೆ. ಕಬ್ಬಿಣ ಕಿತ್ತಳೆ ಬಣ್ಣಕ್ಕೆ ಬರುವುದು ಸಾವಿರ ಡಿಗ್ರಿ ಆಸುಪಾಸಿನಲ್ಲಿ. ಅಷ್ಟರೊಳಗೆ ಮೇಲಿನ ಲೇಪವೆಲ್ಲ ಹೊಗೆಯಾಗಿ ಎದ್ದಿರುತ್ತದೆ. ಬೆಂಕಿಯ ಮೇಲೆ ಬಿಳಿ ಅರಳೆಯ ಹಾಗೆ ತೇಲಿತು ಅಂತ ನೀನೇ ಬರೆದಿದ್ದೀಯ. ಅದೇ ನಿನ್ನ ಎದೆಗೆ ಇಳಿದದ್ದು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆ ಅಂದೆ. ಆ ಹೊಗೆಯ ಕಣ ಎಷ್ಟು ಸಣ್ಣದೆಂದರೆ ಬಟ್ಟೆ ಅದನ್ನು ತಡೆಯುವುದಿಲ್ಲ. ಚಳಿ ಹಿಡಿಯುವುದು ನಾಲ್ಕರಿಂದ ಹತ್ತು ಗಂಟೆ ಕಳೆದ ಮೇಲೆ. ಅದಕ್ಕೇ ಕೆಲಸದ ಹೊತ್ತಿನಲ್ಲಿ ಏನೂ ಗೊತ್ತಾಗಲಿಲ್ಲ. ಒಂದೆರಡು ದಿನದಲ್ಲಿ ಬಿಟ್ಟುಹೋಗುತ್ತದೆ, ನಿಜ. ಬಿಟ್ಟುಹೋಗುತ್ತದಲ್ಲ, ನನಗೆ ಭಯ ಅದರದ್ದೇ.

ನಾನು ಕೆಲಸ ಕಲಿತ ಕುಲುಮೆಯಲ್ಲಿ ಒಬ್ಬರು ಹಿರಿಯರಿದ್ದರು. ಕಬ್ಬಿಣದ ಎಲೆ ಬಡಿಯುವುದರಲ್ಲಿ ಅವರಂಥ ಕೈ ಬೇರೆ ಯಾರಿಗೂ ಇರಲಿಲ್ಲ. ತೆಳ್ಳಗಿನ ತಗಡನ್ನು ಅಡಿಗಲ್ಲಿನ ಅಂಚಿಗಿಟ್ಟು ಬಡಿದರೆ ನರ ನರ ಎದ್ದು ಕಾಣುತ್ತಿತ್ತು. ಹಳೆಯ ಲೇಪದ ಕಬ್ಬಿಣ ಸಿಕ್ಕರೆ ಅದನ್ನೇ ಬೆಂಕಿಗೆ ಹಾಕುತ್ತಿದ್ದರು. ರಜೆ ಮುಗಿಸಿ ಬಂದ ಮೊದಲ ರಾತ್ರಿ ಅವರಿಗೆ ಚಳಿ, ವಾರದ ನಡುವೆ ಆರಾಮು. ಮೈಗೆ ರೂಢಿಯಾಗಿದೆ ಅನ್ನುತ್ತಿದ್ದರು, ನಾವೂ ಹಾಗೇ ನಂಬಿದ್ದೆವು. ದಿನಾ ಹೊಗೆ ಕುಡಿದರೆ ಮೈ ಸ್ವಲ್ಪ ತಾಳಿಕೊಳ್ಳುತ್ತದಂತೆ, ಎರಡು ದಿನ ಬಿಟ್ಟರೆ ಆ ತಾಳಿಕೆಯೂ ಹೋಗುತ್ತದಂತೆ. ಇದು ನನಗೆ ತಿಳಿದದ್ದು ಬಹಳ ತಡವಾಗಿ, ಒಬ್ಬ ವೈದ್ಯರ ಬಾಯಿಂದ. ಚಳಿ ಬರಲಿಲ್ಲ ಅಂದಮಾತ್ರಕ್ಕೆ ಹೊಗೆ ಒಳಗೆ ಹೋಗಲಿಲ್ಲ ಅಂತಲ್ಲ. ಹಾಲು ಕುಡಿದರೆ ತೊಳೆದುಹೋಗುತ್ತದೆ ಅಂತ ಆಗ ಎಲ್ಲರೂ ಹೇಳುತ್ತಿದ್ದರು, ನಿನಗೂ ಯಾರೋ ಹೇಳಿದ್ದಾರೆ. ಹಾಲು ಹೊಟ್ಟೆಗೆ ಹೋಗುತ್ತದೆ ಮಗಾ, ಹೊಗೆ ಇರುವುದು ಶ್ವಾಸಕೋಶದಲ್ಲಿ.

ಕೊನೆಕೊನೆಗೆ ಅವರಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅದರಲ್ಲಿ ಸತುವಿನ ಪಾಲೆಷ್ಟು, ಇದ್ದಿಲಿನದೆಷ್ಟು, ವಯಸ್ಸಿನದೆಷ್ಟು, ಹೇಳಲಾರೆ. ಆದರೆ ನಿನ್ನ ಸಾಲು ಓದಿದಾಗ ಅವರ ಮುಖವೇ ಕಣ್ಣಮುಂದೆ ಬಂತು. ಅವರಿಗೆ ಹೀಗೊಂದು ಪತ್ರ ಬರೆಯುವವರು ಯಾರೂ ಇರಲಿಲ್ಲ. ಆ ಎಲೆಯ ಕೆಲಸವೂ ಅವರ ಜೊತೆಗೇ ಹೋಯಿತು. ನನಗೆ ಬಂದದ್ದು ಅದರಲ್ಲಿ ಅರ್ಧ, ನಿನಗೆ ಕೊಡಲಾದದ್ದು ಅದರಲ್ಲೂ ಅರ್ಧ.

ಲೇಪವಿದ್ದರೆ ತುಕ್ಕು ಹಿಡಿಯದು, ಗೇಟು ಮಳೆಯಲ್ಲಿ ನಿಲ್ಲುವುದಲ್ಲ ಅಂತ ಆ ಸರಳು ಆರಿಸಿಕೊಂಡೆ, ಗೊತ್ತು. ಆದರೆ ನೀನು ಕಾಯಿಸಿದ ಜಾಗದಲ್ಲೆಲ್ಲ ಲೇಪ ಸುಟ್ಟುಹೋಗಿದೆ. ಸುರುಳಿಯಲ್ಲಿ ಈಗ ಉಳಿದಿರುವುದು ಬರೀ ಕಬ್ಬಿಣ. ಸತು ಬೇಕೇ ಬೇಕು, ಬೇಡ ಅನ್ನುವುದಿಲ್ಲ. ಅದು ಕೊನೆಗೆ ಬರಲಿ. ಲೇಪವಿಲ್ಲದ ಕಪ್ಪು ಸರಳಿನಲ್ಲೇ ಬಡಿದು, ಸುರುಳಿ ಸುತ್ತಿ, ಪಟ್ಟಿ ಬಿಗಿದು, ಕೀಲಿನ ಕಿವಿ, ಚಿಲಕದ ತಟ್ಟೆ ಎಲ್ಲವನ್ನೂ ಬೆಸೆದು ಮುಗಿಸಿ, ಆಮೇಲೆ ಇಡೀ ಗೇಟನ್ನು ಕರಗಿದ ಸತುವಿನ ತೊಟ್ಟಿಗೆ ಕಳಿಸು. ಕಿವಿಯೊಂದನ್ನು ಆಮೇಲೆ ಬೆಸೆದರಾಯಿತು ಅಂತ ಬಿಟ್ಟರೆ ಅಲ್ಲಿ ಮತ್ತೆ ಅದೇ ಹೊಗೆ ಏಳುತ್ತದೆ.

ಅಂದಹಾಗೆ, ನಿನ್ನ ನಕ್ಷೆಯಲ್ಲಿ ಕಂಬಗಳು ಪೊಳ್ಳು ಕೊಳವೆ. ಎರಡು ತುದಿ ಮುಚ್ಚಿ ಬೆಸೆದಿದ್ದರೆ ಗಾಳಿಗೆ ತೂತು ಕೊರೆಯದೆ ತೊಟ್ಟಿಗೆ ಕಳಿಸಬೇಡ. ಅದು 450 ಡಿಗ್ರಿಯ ಸತು, ಒಳಗೆ ಒಂಚೂರು ತೇವ ಸಿಕ್ಕಿಕೊಂಡಿದ್ದರೂ ಉಗಿಯಾಗಿ ಕೊಳವೆ ಸಿಡಿಯುತ್ತದೆ. ಆಸಿಡ್ಡಿನಲ್ಲಿ ಲೇಪ ತೆಗೆದು ಕಾಯಿಸಲೇ ಅಂತ ನೀನು ಕೇಳಬಹುದು. ಆಗುತ್ತದೆ. ಆದರೆ ಅಲ್ಲಿ ಹೈಡ್ರೋಜನ್ ಏಳುತ್ತದೆ, ಅದು ಹೊತ್ತಿಕೊಳ್ಳುವ ಅನಿಲ, ಬಯಲಿನಲ್ಲೇ ಮಾಡಬೇಕು. ನನ್ನ ಮಾತು ಕೇಳುವುದಾದರೆ ಲೇಪ ಕಂಡ ಕಬ್ಬಿಣವನ್ನು ಕುಲುಮೆಯ ಹತ್ತಿರಕ್ಕೇ ತರಬೇಡ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಹಳೆಯ ಬೋಲ್ಟು, ನಟ್ಟು ಕಾಯಿಸಿ ಹೂವಿನ ಮೊಗ್ಗು ಮಾಡುತ್ತೇನೆ ಅಂದೆ. ಕೆಲವು ಬೋಲ್ಟಿಗೆ ಕ್ಯಾಡ್ಮಿಯಂ ಲೇಪ ಇರುತ್ತದೆ. ಅದು 767 ಡಿಗ್ರಿಗೇ ಕುದಿಯುತ್ತದೆ. ಅದರ ಹೊಗೆಯ ಲಕ್ಷಣ ಶುರುವಿನಲ್ಲಿ ಸತುವಿನ ಚಳಿಯ ಹಾಗೇ; ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವವನ್ನೇ ತೆಗೆಯಬಲ್ಲದು. ಹಳದಿ ಹೊಳಪಿನ ಬೋಲ್ಟು ಕೈಯಲ್ಲಿ ಹಿಡಿದು ಇದು ಸತುವೋ ಕ್ಯಾಡ್ಮಿಯಮ್ಮೋ ಅಂತ ಹೇಳಲು ನನಗಂತೂ ಬರುವುದಿಲ್ಲ. ನಿನಗೂ ಬರುವುದಿಲ್ಲ. ಬೆಂಕಿಗೆ ಹಾಕಬೇಡ. ಮೊಗ್ಗನ್ನು ಸರಳಿನ ತುದಿಯಲ್ಲೇ ಬಡಿ, ಚೆನ್ನಾಗಿಯೂ ಕಾಣುತ್ತದೆ.

ಬಣ್ಣದ ವಿಷಯ ಇಷ್ಟು ಹೊತ್ತು ಮರೆತೇಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಸತುವಿನ ಮೇಲೆ ಸಾಮಾನ್ಯ ಎನಾಮೆಲ್ ನೇರವಾಗಿ ಬಳಿದರೆ ಅದರ ಎಣ್ಣೆ ಸತುವಿನ ಜೊತೆ ಸೇರಿ ಸಾಬೂನಾಗುತ್ತದೆ, ಹಾಳೆ ಹಾಳೆಯಾಗಿ ಏಳುತ್ತದೆ. ಸತುವಿಗೆಂದೇ ಇರುವ ಪ್ರೈಮರ್ ಮೊದಲು ಹಾಕು. ತೊಟ್ಟಿಗೆ ಹಿಡಿಸದಷ್ಟು ದೊಡ್ಡ ಗೇಟಾದರೆ ಕುಲುಮೆಯಲ್ಲಿ ಕಬ್ಬಿಣದ ಮೇಲೆ ಕಟ್ಟಿದ ಕಿಟ್ಟವನ್ನೆಲ್ಲ ಬ್ಲಾಸ್ಟ್ ಮಾಡಿಸಿ, ಅಂದರೆ ಒರಟು ಪುಡಿಯನ್ನು ರಭಸದಿಂದ ಚಿಮ್ಮಿಸಿ ತೆಗೆದು, ಅವತ್ತೇ ಸತು ತುಂಬಿದ ಪ್ರೈಮರ್ ಬಳಿ. ಕಿಟ್ಟದ ಮೇಲೆ ಬಳಿದ ಬಣ್ಣ ಕಿಟ್ಟದ ಜೊತೆಗೇ ಉದುರುತ್ತದೆ. ಚೂಪು ಅಂಚಿನಲ್ಲಿ ಬಣ್ಣ ತೆಳ್ಳಗೆ ಕೂರುತ್ತದೆ, ಅರದಿಂದ ಅಂಚು ಸ್ವಲ್ಪ ದುಂಡು ಮಾಡು. ಬಟ್ಟಲಿನಂಥ ಎಲೆಗಳಿದ್ದರೆ ತಳಕ್ಕೊಂದು ತೂತು, ನೀರು ನಿಲ್ಲದ ಹಾಗೆ. ಕೀಲಿನ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಮನಸ್ಸು ಅಲ್ಲಿ ನಿಲ್ಲುತ್ತಿಲ್ಲ.

ಫ್ರಾನ್ಸಿನ ನಾನ್ಸಿ ಊರಿನ ಚೌಕದಲ್ಲಿ ಝಾಂ ಲಾಮೂರ್ ಎಂಬ ಕಬ್ಬಿಣದ ಕುಶಲಕರ್ಮಿ 1750ರ ದಶಕದಲ್ಲಿ ಮಾಡಿದ ಬಂಗಾರದ ಲೇಪದ ಕಬ್ಬಿಣದ ಗೇಟುಗಳಿವೆ. ಕರಗಿದ ಸತುವಿನಲ್ಲಿ ಕಬ್ಬಿಣ ಅದ್ದುವ ವಿಧಾನಕ್ಕೆ ಅದೇ ದೇಶದ ಎಂಜಿನಿಯರ್ ಸೊರೆಲ್ ಪೇಟೆಂಟ್ ಪಡೆದದ್ದು 1837ರಲ್ಲಿ. ಅಂದರೆ ಆ ಗೇಟುಗಳು ಎದ್ದು ನಿಂತಾಗ ಈ ರಕ್ಷಣೆ ಇರಲಿಲ್ಲ. ಕಾಲಕಾಲಕ್ಕೆ ದುರಸ್ತಿ ಮಾಡಿ, ಮತ್ತೆ ಬಣ್ಣ ಬಳಿದು ಉಳಿಸಿಕೊಂಡಿದ್ದಾರೆ. ಅವುಗಳ ಚಿತ್ರ ನೋಡಿದಾಗೆಲ್ಲ ಒಮ್ಮೆ ಎದುರಿಗೆ ನಿಂತು ನೋಡಬೇಕು ಅನ್ನಿಸುತ್ತಿತ್ತು, ಆಗಲಿಲ್ಲ. ಗೇಟಿಗೆ ತುಕ್ಕು ಹಿಡಿದರೆ ಉಜ್ಜಿ ಮತ್ತೆ ಬಳಿಯಬಹುದು. ನಿನ್ನ ಎದೆಯನ್ನು ಹಾಗೆ ಉಜ್ಜಲು ಬರುತ್ತದೆಯೇ?

ನಿನ್ನ ಪಕ್ಕದಲ್ಲಿ ನಿಂತು ಇಕ್ಕಳ ಕಿತ್ತುಕೊಳ್ಳುವಷ್ಟು ಕಾಲು ಗಟ್ಟಿ ಇದ್ದಿದ್ದರೆ ಪತ್ರ ಬರೆಯುತ್ತಿರಲಿಲ್ಲ, ಬಂದೇಬಿಡುತ್ತಿದ್ದೆ. ಮಿಕ್ಕ ಜಿ.ಐ. ಸರಳನ್ನು ಹೊರಗೆ ಹಾಕು. ಕೆಮ್ಮು ಇನ್ನೂ ಇದ್ದರೆ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ ಅವತ್ತೇ ವೈದ್ಯರ ಹತ್ತಿರ ಹೋಗು. ಜ್ವರ ಬಂದಿತ್ತು ಅಂತಷ್ಟೇ ಹೇಳಬೇಡ, ಲೇಪದ ಕಬ್ಬಿಣ ಕಾಯಿಸಿದ ಹೊಗೆ ಕುಡಿದೆ ಅಂತ ಬಿಡಿಸಿ ಹೇಳು. ಅವರು ತಾವಾಗಿ ಅದನ್ನು ಊಹಿಸಲಾರರು. ಈ ಪತ್ರಕ್ಕೆ ಉತ್ತರ ಬರೆಯುವಾಗ ಮೊದಲು ಉಸಿರು ಹೇಗಿದೆ ಅಂತ ಬರೆ, ಗೇಟಿನ ಸುದ್ದಿ ಆಮೇಲೆ.

ಇಂತಿ,
ನಿನ್ನ ದೊಡ್ಡಪ್ಪ