ಮಗಳಿಗೊಂದು ಪತ್ರ: ಇನ್ನೊಂದು ಕೋರ್ಸ್ ಬೇಡ

ಪುಟ್ಟಿ,

"ಇನ್ನೊಂದು ಕೋರ್ಸ್ ಮುಗಿಸಿ ಆಮೇಲೆ ಕೆಲಸಕ್ಕೆ ಅಪ್ಲೈ ಮಾಡ್ತೀನಿ" ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಲ್ಲಾದರೆ ನಡುವೆ ಬಾಯಿ ಹಾಕ್ತೀಯ.

ಪ್ರೋಗ್ರಾಮಿಂಗ್ ಅಂತ ಪೈಥಾನ್ ಒಂದಾಯಿತು, ಜಾವಾ ಒಂದಾಯಿತು, ಈಗ ಮತ್ತೊಂದು. ಇಂಟರ್‌ವ್ಯೂ ತಗೊಳ್ಳುವಾಗ ನಾನಂತೂ ಸರ್ಟಿಫಿಕೇಟ್ ಓದುವುದೇ ಇಲ್ಲ. ಕೋಡ್ ಕೈಕೊಟ್ಟಾಗ ಎದುರಿಗೆ ಕೂತವರು ಏನು ಮಾಡುತ್ತಾರೆ, ಅದನ್ನು ನೋಡುತ್ತೇನೆ.

ನಿನ್ನ ಹಾಸ್ಟೆಲ್ ಮೆಸ್ ಲೆಕ್ಕದ ಪ್ರೋಗ್ರಾಮನ್ನೇ ತಗೋ. ಮೊದಮೊದಲು ಎರರ್ ಬಂದರೆ ಸಾಕು, ಸ್ಕ್ರೀನಿನ ಫೋಟೊ ತೆಗೆದು ನನಗೆ ವಾಟ್ಸಾಪ್ ಮಾಡುತ್ತಿದ್ದೆ. ಆಮೇಲೊಂದು ದಿನ ಕೀ ಎರರ್, ಅಂದರೆ ಹುಡುಕಿದ ಹೆಸರು ಪಟ್ಟಿಯಲ್ಲಿ ಇಲ್ಲ ಅನ್ನೋ ಎರರ್, ಬಂದಾಗ ನೀನೇ ಕೊನೇ ಸಾಲಿನಿಂದ ಓದಿದೆ (ಪೈಥಾನ್‌ನಲ್ಲಿ ಏನಾಯಿತು ಅನ್ನೋದು ಕೊನೆಗೆ, ಎಲ್ಲಾಯಿತು ಅನ್ನೋದು ಅದರ ಮೇಲೆ), ಒಳಗೆ ಏನಿದೆ ಅಂತ ಸ್ಕ್ರೀನಿನ ಮೇಲೆ ತೋರಿಸೋಕೆ ಒಂದು ಪ್ರಿಂಟ್ ಹಾಕಿ ನೋಡಿದೆ, ಎಕ್ಸೆಲ್ ಶೀಟಿನಲ್ಲಿ ಯಾರೋ 'ದೋಸೆ' ಆದಮೇಲೆ ಒಂದು ಸ್ಪೇಸ್ ಒತ್ತಿಬಿಟ್ಟಿದ್ದರು. ಆಚೀಚೆಯ ಸ್ಪೇಸ್ ತೆಗೆಯುವ ಸ್ಟ್ರಿಪ್ ಹಾಕಿ ಸರಿಮಾಡಿ, ಎಲ್ಲ ಮುಗಿದ ಮೇಲೆ ನನಗೆ ಹೇಳಿದೆ. ನೀನು ರೆಡಿ ಆಗಿದ್ದು ಅವತ್ತೇ ಕಣೇ.

ತಪ್ಪೇ ಆಗದ ಕಾಲ ಬರಲಿ ಅಂತ ಕಾಯ್ತಿದ್ದರೆ ಅದು ಬರುವುದಿಲ್ಲ. ಜಾವಾ ಜೊತೆಗೇ ಸಿಗುವ ಬೈನರಿ ಸರ್ಚ್‌ನಲ್ಲೇ (ಜೋಡಿಸಿಟ್ಟ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವ ವಿಧಾನ) ಒಂದು ಬಗ್ ಸುಮಾರು 9 ವರ್ಷ ಅಡಗಿ ಕೂತಿತ್ತು. ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಎಲ್ಲರಿಗೂ ತಿಳಿಸಿದರು. ಮಧ್ಯದ ಜಾಗ ಸಿಗಲಿ ಅಂತ ಎರಡು ಸಂಖ್ಯೆ ಕೂಡಿಸಿ ಅರ್ಧ ಮಾಡುವುದು, ಅಷ್ಟೇ. ಪಟ್ಟಿ ತುಂಬಾ ದೊಡ್ಡದಾದರೆ ಆ ಮೊತ್ತ ಇಂಟ್ ಅನ್ನೋ ಪೂರ್ಣಸಂಖ್ಯೆಯ ಮಿತಿ, ಅಂದರೆ 214 ಕೋಟಿ ಚಿಲ್ಲರೆ, ದಾಟಿ ಮೈನಸ್ ಆಗಿಬಿಡುತ್ತಿತ್ತು.

ನಿನಗೆ ಒಂದು ರೂಢಿ ಮಾತ್ರ ಇಲ್ಲ, ಬೇರೆಯವರ ಕೋಡ್ ಓದುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಬರೆದಿಟ್ಟು ಹೋದದ್ದರಲ್ಲಿ ಎರಡು ಸಾಲು ಬದಲಿಸುವುದೇ ಜಾಸ್ತಿ. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಿಂದ ಸಣ್ಣದೊಂದು ಪ್ರಾಜೆಕ್ಟ್ ಇಳಿಸಿಕೋ, ಬ್ರಾಂಚ್ (ಮೂಲ ಕೆಡದ ಹಾಗೆ ಬೇರೆ ಕವಲು) ಮಾಡಿ ಏನಾದರೂ ಬದಲಿಸು, ಬೇರೇನೂ ಕೆಡಲಿಲ್ಲ ಅಂತ ಹೇಗೆ ಖಾತ್ರಿ ಮಾಡ್ಕೊಳ್ತೀಯ ನೋಡು. ಹಾಗಂತ ಅದು ಮುಗಿಯಲಿ ಅಂತ ಅರ್ಜಿ ಹಾಕೋದು ನಿಲ್ಲಿಸಬೇಡ. ಕಂಪನಿಯವರು ಕೇಳಿದ್ದರಲ್ಲಿ ಅರ್ಧ ಗೊತ್ತಿದ್ದರೂ ಹಾಕು, ಬೇಡ ಅನ್ನೋ ಕೆಲಸ ಅವರದು.

ಎಐ ಬರೆದುಕೊಟ್ಟದ್ದನ್ನು ಸಾಲುಸಾಲಾಗಿ ವಿವರಿಸೋಕೆ ಬರದಿದ್ದರೆ ರೆಸ್ಯೂಮೆಗೆ ಸೇರಿಸಬೇಡ, ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತೀಯ.

ಮೆಸ್ ಲೆಕ್ಕವನ್ನು ಮೇಲ್ಗಡೆ ಹಾಕಿ ಭಾನುವಾರದೊಳಗೆ ರೆಸ್ಯೂಮೆ ನನಗೆ ಕಳಿಸು. ಅಪ್ಪನಿಗೆ ತೋರಿಸಬೇಡ, ಸುಮ್ನೆ ಫಾಂಟ್ ಬದಲಿಸುತ್ತಾ ಕೂರುತ್ತಾರೆ.

ಅಮ್ಮ