ಭಾನುವಾರದ ಚರ್ಚೆಗೆ ಮುನ್ನ

ಎಲ್ಲರಿಗೂ ನಮಸ್ಕಾರ. ಲಿಬರಲ್ ಡೆಮಾಕ್ರಸಿ, ಸೋಶಿಯಲ್ ಡೆಮಾಕ್ರಸಿ ಎರಡನ್ನೂ ಬದ್ಧವೈರಿಗಳಂತೆ ನಿಲ್ಲಿಸಬೇಡಿ. ಚುನಾವಣೆ, ಸ್ವತಂತ್ರ ನ್ಯಾಯಾಲಯ, ಮಾತಿನ ಹಕ್ಕು ಎರಡರಲ್ಲೂ ಇವೆ. ಜಗಳ ಇರುವುದು ಅಲ್ಲಿಂದ ಮುಂದೆ: ಹಕ್ಕು ಕೊಟ್ಟರೆ ಸಾಕಾ, ಅದನ್ನು ಬಳಸಲು ಬೇಕಾದ ಶಿಕ್ಷಣ, ಆರೋಗ್ಯ, ನಿರುದ್ಯೋಗ ಭತ್ಯೆಯನ್ನೂ ಸರ್ಕಾರ ನೋಡಿಕೊಳ್ಳಬೇಕಾ? ಮೊದಲನೆಯದಕ್ಕೆ ಲಿಬರಲ್ ಡೆಮಾಕ್ರಸಿ ಒತ್ತು ಕೊಡುತ್ತದೆ, ಎರಡನೆಯದಕ್ಕೆ ಸೋಶಿಯಲ್ ಡೆಮಾಕ್ರಸಿ.

ಸ್ವೀಡನ್‌ನಲ್ಲಿ 1932ರಿಂದ 1976ರವರೆಗೆ ಹೆಚ್ಚುಕಡಿಮೆ ಸತತವಾಗಿ ಸೋಶಿಯಲ್ ಡೆಮಾಕ್ರಾಟರ ಆಡಳಿತವಿತ್ತು. ಆದರೂ ಕಾರ್ಖಾನೆಗಳು ಬಹುತೇಕ ಖಾಸಗಿಯವರ ಕೈಯಲ್ಲೇ ಉಳಿದವು. ತೆರಿಗೆ ಮಾತ್ರ ಜಾಸ್ತಿಯಾಯಿತು. ಸೋಶಿಯಲ್ ಡೆಮಾಕ್ರಸಿಯನ್ನು ಸುಮ್ನೆ ಕಮ್ಯುನಿಸಂ ಎಂದು ತಳ್ಳಿಹಾಕುವವರು ಇದನ್ನು ಗಮನಿಸಿ.

ಇನ್ನೊಂದು ಮಜಾ ಇದೆ. ಬ್ರಿಟನ್‌ನ ಕಲ್ಯಾಣ ವ್ಯವಸ್ಥೆಗೆ 1942ರಲ್ಲಿ ನಕ್ಷೆ ಹಾಕಿಕೊಟ್ಟ ವಿಲಿಯಂ ಬೆವರಿಜ್ ಮುಂದೆ ಲಿಬರಲ್ ಪಕ್ಷದ ಸಂಸದರಾದರು. ಜಾರಿಗೆ ತಂದದ್ದು 1945ರಲ್ಲಿ ಗೆದ್ದ, ಸೋಶಿಯಲ್ ಡೆಮಾಕ್ರಸಿ ಕಡೆಯ ಲೇಬರ್ ಪಕ್ಷದ ಸರ್ಕಾರ! ಎರಡರ ನಡುವಿನ ಗೆರೆ ಅಷ್ಟು ನೇರವಾಗಿಲ್ಲ, ಅಲ್ವಾ?

ಪಕ್ಷ ರಾಜಕೀಯದ ಫಾರ್ವರ್ಡ್‌ಗಳು ದಯವಿಟ್ಟು ಬೇಡ.